ಹಸಿರು ಪಾಚಿಯಿಂದ ಜಲಜನಕ ಇಂಧನ

ಬೆಳಕಿನ ಬಲದಿಂದ ಜಲಜನಕ ಅನಿಲವನ್ನು ಹೊರಬಿಡುವ ಸಾಮರ್ಥ್ಯ ಕೆಲವು ಹಸಿರು ಪಾಚಿಗಳಿಗಿದೆ ಎಂಬುದು ಬೆಳಕಿಗೆ ಬಂದದ್ದು ಇಂಧನದ ಹುಡುಕಾಟದಿಂದಲ್ಲ, ದ್ಯುತಿಸಂಶ್ಲೇಷಣೆಯನ್ನು ಅರಿಯುವ ಪ್ರಯತ್ನದಿಂದ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಹಾನ್ಸ್ ಗ್ಯಾಫ್ರಾನ್, ಆಮ್ಲಜನಕವಿಲ್ಲದ ವಾತಾವರಣದಲ್ಲಿ ಕೆಲಕಾಲ ಇರಿಸಿದ ಸೀನೆಡೆಸ್ಮಸ್ ಎಂಬ ಪಾಚಿಯು ಜಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಅಪಕರ್ಷಿಸಬಲ್ಲುದೆಂದು ಮೊದಲು ಕಂಡುಕೊಂಡರು. 1942ರಲ್ಲಿ ಅವರೂ ಸಹೋದ್ಯೋಗಿ ಜ್ಯಾಕ್ ರೂಬಿನ್ ಅವರೂ ಇದರ ಮರುಮುಖವನ್ನು, ಅಂದರೆ ಅದೇ ಪಾಚಿ ಕತ್ತಲಲ್ಲಿ ಹುದುಗುವಿಕೆಯ ಮೂಲಕವೂ ಬೆಳಕಿನಲ್ಲಿ ಇನ್ನೂ ಹೆಚ್ಚಾಗಿಯೂ ಜಲಜನಕವನ್ನು ಬಿಡುವುದನ್ನು, ಪ್ರಕಟಿಸಿದರು.

ಈ ಕ್ರಿಯೆಯ ಹಿಂದಿರುವುದು ಹೈಡ್ರೋಜಿನೇಸ್ ಎಂಬ ಕಿಣ್ವ. ಬೆಳಕನ್ನು ಹೀರಿದ ಪತ್ರಹರಿತ್ತಿನ ವ್ಯವಸ್ಥೆಯು ನೀರಿನಿಂದ ಸೆಳೆದ ಎಲೆಕ್ಟ್ರಾನುಗಳು ಫೆರಡಾಕ್ಸಿನ್ ಎಂಬ ಪ್ರೋಟೀನಿನ ಮೂಲಕ ಈ ಕಿಣ್ವವನ್ನು ತಲುಪಿದಾಗ, ಅದರ ಕಬ್ಬಿಣಯುಕ್ತ ಕೇಂದ್ರದಲ್ಲಿ ಅವು ಪ್ರೋಟಾನುಗಳೊಡನೆ ಕೂಡಿ ಜಲಜನಕ ಅನಿಲವಾಗುತ್ತವೆ. ಆದರೆ ನೀರು ಒಡೆದಾಗ ಆಮ್ಲಜನಕವೂ ಹುಟ್ಟುತ್ತದೆ, ಮತ್ತು ಆಮ್ಲಜನಕ ತಗುಲಿದೊಡನೆ ಈ ಕಿಣ್ವ ನಿಷ್ಕ್ರಿಯವಾಗುತ್ತದೆ. ಇಂಧನಕ್ಕೆ ಬೇಕಾದ ಎಲೆಕ್ಟ್ರಾನನ್ನು ಒದಗಿಸುವ ಕ್ರಿಯೆಯೇ ಇಂಧನದ ತಯಾರಿಯನ್ನು ತಡೆಯುವ ಈ ವೈರುಧ್ಯವನ್ನು ಮೀರಲು ನಡೆದ ಪ್ರಯತ್ನಗಳೇ ಈ ವಿಷಯದ ಇತಿಹಾಸದ ತಿರುಳು. 1970ರ ದಶಕದ ತೈಲ ಬಿಕ್ಕಟ್ಟು ಸಂಶೋಧನೆಗೆ ಹೊಸ ಉತ್ತೇಜನ ನೀಡಿತಾದರೂ ಪಾಚಿಯಿಂದ ಜಲಜನಕ ಪಡೆಯುವುದು ಅಲ್ಪಕಾಲದ ಪ್ರಯೋಗವಾಗಿಯೇ ಉಳಿಯಿತು.

ನಿಜವಾದ ತಿರುವು 2000ದಲ್ಲಿ ಬಂದಿತು. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅನಾಸ್ಟಾಸಿಯೊಸ್ ಮೆಲಿಸ್ ಅವರೂ, ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಮರಿಯಾ ಗಿರಾರ್ಡಿ, ಮೈಕಲ್ ಸೀಬರ್ಟ್ ಮೊದಲಾದವರೂ ಕ್ಲಾಮಿಡೊಮೊನಾಸ್ ರೈನ್‌ಹಾರ್ಟಿ ಎಂಬ ಏಕಕೋಶ ಪಾಚಿಗೆ ಗಂಧಕವನ್ನು ನಿಲ್ಲಿಸಿದರು. ನೀರನ್ನು ಒಡೆಯುವ ದ್ಯುತಿವ್ಯವಸ್ಥೆಯ ಒಂದು ಪ್ರೋಟೀನು ಬೆಳಕಿನಿಂದ ಸದಾ ಹಾಳಾಗುತ್ತಿದ್ದು ಅದನ್ನು ಮತ್ತೆ ಮತ್ತೆ ತಯಾರಿಸಬೇಕಾಗುತ್ತದೆ. ಗಂಧಕವಿಲ್ಲದೆ ಈ ದುರಸ್ತಿ ಕುಂಠಿತವಾಗಿ, ಹುಟ್ಟುವ ಆಮ್ಲಜನಕ ಉಸಿರಾಟಕ್ಕೆ ಖರ್ಚಾಗುವುದಕ್ಕಿಂತ ಕಡಿಮೆಯಾದುದರಿಂದ, ಮುಚ್ಚಿದ ಪಾತ್ರೆಯಲ್ಲಿ ಆಮ್ಲಜನಕ ತಾನೇ ಬರಿದಾಗಿ ಜಲಜನಕ ಕೆಲವು ದಿನಗಳವರೆಗೆ ಸತತವಾಗಿ ಹೊಮ್ಮಿತು. ಕಾಲವನ್ನು ಬಳಸಿ ಎರಡು ಕ್ರಿಯೆಗಳನ್ನು ಬೇರ್ಪಡಿಸಿದ ಈ ಉಪಾಯದ ಸರಳತೆ ಮೆಚ್ಚತಕ್ಕದ್ದು. ಆದರೆ ಹಸಿದ ಕೋಶಗಳು ಕೂಡಿಟ್ಟ ಪಿಷ್ಟ, ಪ್ರೋಟೀನುಗಳನ್ನು ಕರಗಿಸಿಕೊಳ್ಳುವುದರಿಂದ ಅವುಗಳಿಗೆ ಮರಳಿ ಗಂಧಕ ಉಣಿಸಿ ಚೇತರಿಕೆಗೆ ಅವಕಾಶ ನೀಡಲೇಬೇಕಾಗುತ್ತದೆ.

ಅನಂತರದ ಸಂಶೋಧನೆ ತಳಿಗಳ ಮಾರ್ಪಾಡಿನತ್ತ ಹೊರಳಿತು. ದಟ್ಟ ದ್ರಾವಣದಲ್ಲಿ ಮೇಲಿನ ಕೋಶಗಳು ತಮಗೆ ಬೇಕಾದುದಕ್ಕಿಂತ ಹೆಚ್ಚು ಬೆಳಕನ್ನು ಹೀರಿ ಪೋಲುಮಾಡಿ, ಕೆಳಗಿನವನ್ನು ನೆರಳಿಗೆ ದೂಡುವುದನ್ನು ತಪ್ಪಿಸಲು ಮೆಲಿಸ್ ಅವರ ತಂಡ ಪತ್ರಹರಿತ್ತು ಕಡಿಮೆಯಿರುವ ತಳಿಗಳನ್ನು ರೂಪಿಸಿತು. ಜರ್ಮನಿಯ ಬೀಲೆಫೆಲ್ಡ್‌ನ ಒಲಾಫ್ ಕ್ರೂಸ ಮತ್ತು ಆಸ್ಟ್ರೇಲಿಯಾದ ಬೆನ್ ಹ್ಯಾಂಕಮರ್ ಅವರು ಸಹೋದ್ಯೋಗಿಗಳೊಡನೆ 2005ರಲ್ಲಿ ವರದಿ ಮಾಡಿದ ರೂಪಾಂತರಿತ ತಳಿಯೊಂದು ಮೂಲ ತಳಿಗಿಂತ ಹೆಚ್ಚು ಜಲಜನಕ ನೀಡಿತು. ಆಮ್ಲಜನಕವನ್ನು ಸಹಿಸಬಲ್ಲ ಹೈಡ್ರೋಜಿನೇಸನ್ನು ರೂಪಿಸುವ ಕೆಲಸ ಇನ್ನೂ ಪ್ರಯೋಗಾಲಯದ ಹಂತದಲ್ಲೇ ಇದೆ.