ಮೂತ್ರಪಿಂಡ ಕಸಿಯ ನಂತರದ ಮಧುಮೇಹ: ಆನುವಂಶಿಕ ಅಪಾಯಕಾರಿ ಅಂಶಗಳು

ಪೀಠಿಕೆ

ಕಸಿಗೆ ಮುನ್ನ ಮಧುಮೇಹ ಪತ್ತೆಯಾಗಿರದ ವ್ಯಕ್ತಿಯಲ್ಲಿ, ಮೂತ್ರಪಿಂಡ ಕಸಿಯ ಬಳಿಕ ಕಂಡುಬರುವ ಮಧುಮೇಹವನ್ನು ಕಸಿಯ ನಂತರದ ಮಧುಮೇಹವೆಂದು ಕರೆಯಲಾಗುತ್ತದೆ. ಅಮೆರಿಕದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಝಲ್ ಮತ್ತು ಅವರ ಸಹೋದ್ಯೋಗಿಗಳು 1964ರಲ್ಲಿಯೇ ಇದನ್ನು ದಾಖಲಿಸಿದ್ದರು. ಇದರಿಂದ ಹೃದ್ರೋಗ ಹಾಗೂ ಸೋಂಕಿನ ಸಂಭವ ಹೆಚ್ಚುವುದಲ್ಲದೆ, ಕಸಿ ಮಾಡಿದ ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಒಂದೇ ಬಗೆಯ ಔಷಧಿ ಸೇವಿಸುವ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಈ ಕಾಯಿಲೆ ಬರುವುದಕ್ಕೆ ವಂಶವಾಹಿಗಳಲ್ಲಿನ ವ್ಯತ್ಯಾಸವೂ ಒಂದು ಕಾರಣವಾಗಿದೆ.

ಮಧುಮೇಹ ಉಂಟಾಗುವ ಬಗೆ

ದೇಹವು ಹೊಸ ಮೂತ್ರಪಿಂಡವನ್ನು ತಿರಸ್ಕರಿಸದಂತೆ ತಡೆಯಲು ನೀಡುವ ಟ್ಯಾಕ್ರೋಲಿಮಸ್ ಔಷಧಿಯು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಇನ್ಸುಲಿನ್ ಉತ್ಪಾದನೆಯನ್ನು ಕುಗ್ಗಿಸುತ್ತದೆ. ಸ್ಟೀರಾಯ್ಡ್ ಔಷಧಿಯು ಇನ್ಸುಲಿನ್ ತನ್ನ ಕಾರ್ಯವನ್ನು ಸಮರ್ಪಕವಾಗಿ ನಿರ್ವಹಿಸದಂತೆ ಮಾಡುತ್ತದೆ. ಇದಲ್ಲದೆ, ರೋಗಗ್ರಸ್ತ ಮೂತ್ರಪಿಂಡದಿಂದ ಸರಿಯಾಗಿ ವಿಲೇವಾರಿಯಾಗದೆ ರಕ್ತದಲ್ಲಿ ಉಳಿಯುತ್ತಿದ್ದ ಇನ್ಸುಲಿನ್, ಕಸಿಯ ನಂತರ ಬೇಗನೆ ವಿಲೇವಾರಿಯಾಗುತ್ತದೆ. ಹೀಗಾಗಿ ಅದುವರೆಗೆ ಮರೆಯಲ್ಲಿದ್ದ ಆನುವಂಶಿಕ ಪ್ರವೃತ್ತಿಯು ಪ್ರಕಟಗೊಳ್ಳುತ್ತದೆ.

ಪ್ರಮುಖ ಆನುವಂಶಿಕ ಅಂಶಗಳು

1. ಟಿಸಿಎಫ್7ಎಲ್2 ವಂಶವಾಹಿ: ಇದರ ಒಂದು ರೂಪಾಂತರಕ್ಕೂ ಸಾಮಾನ್ಯ 2ನೇ ವಿಧದ ಮಧುಮೇಹಕ್ಕೂ ಇರುವ ಸಂಬಂಧ 2006ರಲ್ಲಿ ಬೆಳಕಿಗೆ ಬಂದಿತು. ಇದು ಇನ್ಸುಲಿನ್ ಸ್ರವಿಕೆಯನ್ನು ಕಡಿಮೆ ಮಾಡುತ್ತದೆ. ಮೂತ್ರಪಿಂಡ ಕಸಿ ಪಡೆದವರ ಮೇಲೆ ನಂತರ ನಡೆದ ಅಧ್ಯಯನಗಳಲ್ಲಿಯೂ ಈ ಸಂಬಂಧ ಕಂಡುಬಂದಿದೆ.

2. ಕೆಸಿಎನ್‌ಕ್ಯೂ1 ವಂಶವಾಹಿ: ಇದೂ ಬೀಟಾ ಕೋಶಗಳ ಕಾರ್ಯಕ್ಕೆ ಸಂಬಂಧಿಸಿದ್ದು, ಕಸಿಯ ನಂತರದ ಮಧುಮೇಹದೊಂದಿಗೆ ಇದರ ನಂಟನ್ನು ಕೊರಿಯಾದ ಅಧ್ಯಯನಗಳು ತೋರಿಸಿವೆ.

3. ಎಚ್‌ಎನ್‌ಎಫ್1ಬಿ ವಂಶವಾಹಿ: ಇದು ವಿರಳವಾದರೂ ಮಹತ್ವದ್ದು. ಈ ಒಂದೇ ವಂಶವಾಹಿಯ ದೋಷದಿಂದ ಮೂತ್ರಪಿಂಡದಲ್ಲಿ ನೀರ್ಗುಳ್ಳೆಗಳೂ ಮಧುಮೇಹವೂ ಉಂಟಾಗಬಲ್ಲವು. ಚಿಕ್ಕ ವಯಸ್ಸಿನಲ್ಲಿ ಮೂತ್ರಪಿಂಡದ ರಚನಾದೋಷವಿದ್ದು, ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆಯಿರುವವರಲ್ಲಿ ವೈದ್ಯರು ಈ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ. ಕಸಿಗೆ ಮುನ್ನವೇ ಇದು ತಿಳಿದಲ್ಲಿ ಔಷಧಿಗಳ ಆಯ್ಕೆಗೆ ಸಹಕಾರಿಯಾಗುತ್ತದೆ.

4. ಸಿವೈಪಿ3ಎ5 ವಂಶವಾಹಿ: ಟ್ಯಾಕ್ರೋಲಿಮಸ್ ದೇಹದಿಂದ ಎಷ್ಟು ಬೇಗ ವಿಲೇವಾರಿಯಾಗುತ್ತದೆ ಎಂಬುದು ಇದನ್ನು ಅವಲಂಬಿಸಿದೆ. ಇದು ಸಕ್ರಿಯವಾಗಿರುವವರಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು ಪ್ರಮಾಣದ ಔಷಧಿ ಬೇಕಾಗುತ್ತದೆ. ಆದುದರಿಂದ ಒಬ್ಬರ ಔಷಧಿ ಪ್ರಮಾಣವನ್ನು ಮತ್ತೊಬ್ಬರು ಅನುಸರಿಸಬಾರದು.

ಸಾಮಾನ್ಯ ರೂಪಾಂತರಗಳು ಒಂದೊಂದಾಗಿ ಬೀರುವ ಪರಿಣಾಮ ಅಲ್ಪ. ಅವುಗಳನ್ನು ಒಟ್ಟುಗೂಡಿಸಿ ಅಪಾಯವನ್ನು ಅಂದಾಜಿಸುವ ವಿಧಾನದ ಕುರಿತು ಸಂಶೋಧನೆ ನಡೆದಿದೆ. ಆದರೆ ಇಂತಹ ಪರೀಕ್ಷೆಯು ಕಸಿಗೆ ಮುನ್ನ ಎಲ್ಲರಿಗೂ ಮಾಡುವ ವಾಡಿಕೆಯ ಪರೀಕ್ಷೆಯಲ್ಲ.

ಕುಟುಂಬದ ಹಿನ್ನೆಲೆ ಮತ್ತು ದಾನಿ

ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಮಧುಮೇಹವಿದ್ದಲ್ಲಿ ಕಸಿ ಪಡೆಯುವವರಿಗೆ ಅಪಾಯ ಹೆಚ್ಚು. ಖರ್ಚಿಲ್ಲದೆ ದೊರೆಯುವ ಆನುವಂಶಿಕ ಮಾಹಿತಿ ಇದೇ ಆಗಿದೆ. ನಮ್ಮ ದೇಶದಲ್ಲಿ ಬಹುಪಾಲು ಮೂತ್ರಪಿಂಡಗಳು ಜೀವಂತ ದಾನಿಗಳಿಂದ, ಅದರಲ್ಲೂ ಹತ್ತಿರದ ಬಂಧುಗಳಿಂದ ದೊರೆಯುತ್ತವೆ. ರಕ್ತಸಂಬಂಧಿಯಾದ ದಾನಿಯಲ್ಲಿಯೂ ಅದೇ ಪ್ರವೃತ್ತಿ ಇರಬಹುದು. ಒಂದೇ ಮೂತ್ರಪಿಂಡದೊಂದಿಗೆ ಬಾಳಬೇಕಾದ ಅವರಿಗೂ ಮಧುಮೇಹದ ತಪಾಸಣೆ ಅತ್ಯವಶ್ಯಕ. ಕಸಿ ತಪ್ಪೀತೆಂಬ ಅಂಜಿಕೆಯಿಂದ ಕುಟುಂಬದ ಕಾಯಿಲೆಗಳನ್ನು ಮರೆಮಾಚಿದಲ್ಲಿ ಇಬ್ಬರಿಗೂ ತೊಂದರೆಯಾಗಬಹುದು.

ಇತರ ಅಪಾಯಕಾರಿ ಅಂಶಗಳು

ಹೆಚ್ಚಿನ ವಯಸ್ಸು, ಸ್ಥೂಲಕಾಯ, ಹೆಪಟೈಟಿಸ್-ಸಿ ಸೋಂಕು ಹಾಗೂ ಕಸಿಗೆ ಮುನ್ನವೇ ಸಕ್ಕರೆಯ ಮಟ್ಟ ಮಿತಿಗಿಂತ ಸ್ವಲ್ಪ ಹೆಚ್ಚಿರುವುದು.

ಪತ್ತೆ ಮಾಡುವುದು

ಶಸ್ತ್ರಚಿಕಿತ್ಸೆಯಾದ ಕೂಡಲೇ ಬಹಳಷ್ಟು ಮಂದಿಗೆ ಸಕ್ಕರೆಯ ಮಟ್ಟ ತಾತ್ಕಾಲಿಕವಾಗಿ ಏರುತ್ತದೆ. ಆದ್ದರಿಂದ ಸುಮಾರು ಮೊದಲ 45 ದಿನಗಳ ನಂತರವೇ ರೋಗವನ್ನು ಖಚಿತಪಡಿಸಲಾಗುತ್ತದೆ. ಬರಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಗ್ಲೂಕೋಸ್ ಸೇವಿಸಿದ 2 ಗಂಟೆಗಳ ನಂತರ 200 ಮಿಲಿಗ್ರಾಂ ಹಾಗೂ ಅದಕ್ಕೂ ಮೇಲ್ಪಟ್ಟ ಸಕ್ಕರೆ (ಪ್ರತಿ 100 ಮಿಲಿಲೀಟರಿಗೆ) ಮಧುಮೇಹದ ಲಕ್ಷಣ. ಸ್ಟೀರಾಯ್ಡ್ ಸೇವಿಸುವವರಲ್ಲಿ ಸಕ್ಕರೆ ಮಧ್ಯಾಹ್ನದ ನಂತರ ಏರುವುದರಿಂದ ಬೆಳಗಿನ ಪರೀಕ್ಷೆಯೊಂದೇ ಸಾಲದು.

ಸಾರ್ವಜನಿಕರ ಗಮನಕ್ಕೆ

* ಕುಟುಂಬದಲ್ಲಿನ ಮಧುಮೇಹ ಮತ್ತು ಮೂತ್ರಪಿಂಡ ಕಾಯಿಲೆಗಳ ವಿವರವನ್ನು ಕಸಿಗೆ ಮುನ್ನವೇ ವೈದ್ಯರಿಗೆ ತಿಳಿಸುವುದು.
* ತೂಕವನ್ನು ಹತೋಟಿಯಲ್ಲಿಟ್ಟುಕೊಂಡು, ವೈದ್ಯರ ಸಲಹೆಯಂತೆ ಆಹಾರ ಮತ್ತು ವ್ಯಾಯಾಮ ಕ್ರಮಗಳನ್ನು ಪಾಲಿಸುವುದು.
* ಸಕ್ಕರೆ ಹೆಚ್ಚಾಯಿತೆಂದು ಟ್ಯಾಕ್ರೋಲಿಮಸ್ ಅಥವಾ ಸ್ಟೀರಾಯ್ಡ್ ಔಷಧಿಯನ್ನು ಯಾವುದೇ ಕಾರಣಕ್ಕೂ ಸ್ವತಃ ನಿಲ್ಲಿಸಬಾರದು. ಮಧುಮೇಹವನ್ನು ನಿಯಂತ್ರಿಸಬಹುದು, ಆದರೆ ತಿರಸ್ಕೃತಗೊಂಡ ಮೂತ್ರಪಿಂಡವನ್ನು ಉಳಿಸಿಕೊಳ್ಳುವುದು ಕಷ್ಟಸಾಧ್ಯ.

ವಂಶವಾಹಿಗಳನ್ನು ಬದಲಿಸಲಾಗದು. ಆದರೆ ಅವು ಸೂಚಿಸುವ ಅಪಾಯವನ್ನು ಮೊದಲೇ ಅರಿತು ತಪಾಸಣೆ ಮತ್ತು ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರಿಗೂ ಸಾಧ್ಯ.