ಕಾಗದದ ಮಡಿಕೆಯಲ್ಲಿ ಊರಿನ ಪರಿಚಯ: ಪ್ರವಾಸಿ ಕರಪತ್ರಗಳ ರಚನೆ ಮತ್ತು ಪ್ರದರ್ಶನ

ಹುಬ್ಬಳ್ಳಿಯಿಂದ ಗದಗ ಮಾರ್ಗವಾಗಿ ಹಂಪಿಗೆ ಹೊರಟ ಪ್ರವಾಸಿಗಳು ಗದಗ ದಾಟಿ ಸುಮಾರು 12 ಕಿ.ಮೀ. ಸಾಗುವಷ್ಟರಲ್ಲಿ ಲಕ್ಕುಂಡಿಯನ್ನು ಹಾದುಹೋಗುತ್ತಾರೆ. ದಾನಚಿಂತಾಮಣಿ ಅತ್ತಿಮಬ್ಬೆ ಕ್ರಿ.ಶ. 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇರುವುದು ಇಲ್ಲಿಯೇ. ಕಾಶಿ ವಿಶ್ವೇಶ್ವರ ದೇವಾಲಯದ ಸೂಕ್ಷ್ಮ ಕೆತ್ತನೆಯನ್ನೂ ಮುಸುಕಿನ ಬಾವಿಯನ್ನೂ ಕಾಣಬಹುದಾದದ್ದು ಇಲ್ಲಿಯೇ. ಆದರೂ ಹಂಪಿಗೆಂದು ಹೊರಟ ಬಹುತೇಕ ವಾಹನಗಳು ಇಲ್ಲಿ ನಿಲ್ಲುವುದಿಲ್ಲ. ಹೆಸರೇ ಕೇಳದ ಊರಿನಲ್ಲಿ ಯಾರಾದರೂ ಏಕೆ ಇಳಿಯಬೇಕು? ಈ ಪ್ರಶ್ನೆಗೆ ಪ್ರವಾಸೋದ್ಯಮವು ಬಹುಕಾಲದಿಂದ ನೀಡುತ್ತ ಬಂದಿರುವ ಅಗ್ಗದ ಉತ್ತರವೆಂದರೆ ಕರಪತ್ರ.

ಏನಿದು?

ಒಂದು ಪ್ರೇಕ್ಷಣೀಯ ಸ್ಥಳದ ಪರಿಚಯ, ಚಿತ್ರ, ನಕ್ಷೆ ಹಾಗೂ ತಲುಪುವ ದಾರಿಯನ್ನು ಒಳಗೊಂಡ ಒಂಟಿ ಹಾಳೆಯನ್ನು ಕರಪತ್ರವೆಂದೂ, ಹಲವು ಪುಟಗಳನ್ನು ಹೊಲಿದು ಅಥವಾ ಪಿನ್ ಹಾಕಿ ಸಿದ್ಧಪಡಿಸಿದ್ದನ್ನು ಮಾಹಿತಿ ಪುಸ್ತಿಕೆ ಅಥವಾ ಬ್ರೋಷರ್ ಎಂದೂ ಕರೆಯುವುದು ವಾಡಿಕೆ. ಇವನ್ನು ಹೋಟೆಲು, ರೈಲು ನಿಲ್ದಾಣ, ವಿಮಾನ ನಿಲ್ದಾಣ, ಪ್ರವಾಸಿ ಮಾಹಿತಿ ಕೇಂದ್ರ ಮುಂತಾದೆಡೆ ಸ್ಟ್ಯಾಂಡುಗಳಲ್ಲಿ ಜೋಡಿಸಿ, ಬೇಕಾದವರು ಉಚಿತವಾಗಿ ತೆಗೆದುಕೊಳ್ಳುವಂತೆ ಮಾಡುವುದೇ ಕರಪತ್ರ ಪ್ರದರ್ಶನ. ಪತ್ರಿಕಾ ಜಾಹೀರಾತು ಮನೆಯಲ್ಲಿ ಕುಳಿತವರನ್ನು ತಲುಪುತ್ತದೆ. ಕರಪತ್ರ ತಲುಪುವುದು ಈಗಾಗಲೇ ಮನೆ ಬಿಟ್ಟು ಹೊರಟವರನ್ನು. ನಾಳೆ ಎಲ್ಲಿಗೆ ಹೋಗುವುದೆಂದು ಯೋಚಿಸುತ್ತಿರುವವರ ಕೈಗೆ ಅದು ಸಿಗುತ್ತದೆ ಎಂಬುದೇ ಅದರ ಬಲ.

ಬೆಳೆದು ಬಂದ ದಾರಿ

ಮುದ್ರಿತ ಪ್ರವಾಸ ಸಾಹಿತ್ಯದ ಬೆಳವಣಿಗೆ ರೈಲಿನೊಂದಿಗೆ ಬೆಸೆದುಕೊಂಡಿದೆ. ಇಂಗ್ಲೆಂಡಿನ ಥಾಮಸ್ ಕುಕ್ 1841ರಲ್ಲಿ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲು ಪ್ರವಾಸ ಏರ್ಪಡಿಸಿದರು. 1845ರ ಲಿವರ್‌ಪೂಲ್ ಪ್ರವಾಸಕ್ಕೆ ಅವರು ಕೈಪಿಡಿಯೊಂದನ್ನೂ ಮುದ್ರಿಸಿದರು. ಭಾರತದಲ್ಲಿ 1930ರ ದಶಕದ ರೈಲ್ವೆ ಭಿತ್ತಿಪತ್ರಗಳು ದೇಶದ ತಾಣಗಳನ್ನು ವಿದೇಶೀಯರಿಗೆ ಪರಿಚಯಿಸಿದವು. ಹಂಪಿಯ ಬಗ್ಗೆ ಎ.ಎಚ್. ಲಾಂಗ್‌ಹರ್ಸ್ಟ್ ಬರೆದ ಸಚಿತ್ರ ಮಾರ್ಗದರ್ಶಿ 1917ರಲ್ಲೇ ಹೊರಬಂದಿತ್ತು.

ಭಾರತೀಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1966ರಲ್ಲಿಯೂ, ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1971ರಲ್ಲಿಯೂ ಸ್ಥಾಪನೆಯಾದವು. ಹೀಗೆ ಪ್ರವಾಸೋದ್ಯಮವೇ ಸರ್ಕಾರದ ಪ್ರತ್ಯೇಕ ಕಾರ್ಯಕ್ಷೇತ್ರವಾದಾಗ ಪ್ರಚಾರ ಸಾಮಗ್ರಿಯ ಮುದ್ರಣವೂ ಅದರ ಭಾಗವಾಯಿತು.

ರೂಪ ಮತ್ತು ಅಳತೆ

ಎ4 ಅಳತೆಯ, ಅಂದರೆ 210 x 297 ಮಿ.ಮೀ. ಹಾಳೆಯನ್ನು ಮೂರು ಮಡಿಕೆ ಮಾಡಿದರೆ ಎರಡೂ ಬದಿ ಸೇರಿ ಆರು ಪುಟಗಳಾಗುತ್ತವೆ. ಪ್ರತಿ ಪುಟದ ಅಗಲ ಸುಮಾರು 99 ಮಿ.ಮೀ., ಎತ್ತರ 210 ಮಿ.ಮೀ. ಬಹುತೇಕ ಸ್ಟ್ಯಾಂಡುಗಳ ಖಾನೆಗಳು ಈ ಅಳತೆಗೇ ತಯಾರಾಗಿರುತ್ತವೆ. ಅಂಗಿಯ ಜೇಬಿಗೂ ಕೈಚೀಲಕ್ಕೂ ಸುಲಭವಾಗಿ ಸೇರುವುದು ಇದರ ಮತ್ತೊಂದು ಅನುಕೂಲ.

ಖಾನೆಯಲ್ಲಿ ನಿಂತ ಕರಪತ್ರದ ಕೆಳಭಾಗ ಮುಂದಿನ ಸಾಲಿನಿಂದ ಮುಚ್ಚಿಹೋಗುತ್ತದೆ. ಕಣ್ಣಿಗೆ ಬೀಳುವುದು ಮೇಲಿನ ಮೂರನೆಯ ಒಂದು ಭಾಗ ಮಾತ್ರ. ಆದ್ದರಿಂದ ಊರಿನ ಹೆಸರು ಹಾಗೂ ಅದರ ವಿಶೇಷ ಅಲ್ಲಿಯೇ ಇರಬೇಕೆಂಬುದು ಈ ಕಲೆಯ ಮೊದಲ ಪಾಠ. ಮೇಲ್ಭಾಗದಲ್ಲಿ ಇಲಾಖೆಯ ಲಾಂಛನ ಮತ್ತು ಗಣ್ಯರ ಭಾವಚಿತ್ರಗಳನ್ನು ತುಂಬಿ, ತಾಣದ ಹೆಸರನ್ನು ಕೆಳಗಿಟ್ಟ ಕರಪತ್ರ ಎಷ್ಟೇ ವರ್ಣಮಯವಾಗಿದ್ದರೂ ಖಾನೆಯಲ್ಲಿಯೇ ಉಳಿದುಬಿಡುತ್ತದೆ.

ಒಳಗೆ ಏನಿರಬೇಕು?

ವರ್ಣನೆಗಿಂತ ಪ್ರವಾಸಿಗೆ ಹೆಚ್ಚು ಬೇಕಾಗಿರುವುದು ನಿರ್ಣಯಕ್ಕೆ ನೆರವಾಗುವ ವಿವರ. ಹತ್ತಿರದ ಪಟ್ಟಣದಿಂದ ಎಷ್ಟು ದೂರ, ಬಸ್ ಸೌಲಭ್ಯವಿದೆಯೇ, ನೋಡಲು ಎಷ್ಟು ಹೊತ್ತು ಬೇಕು, ವಾರದ ರಜೆ ಯಾವಾಗ, ಕುಡಿಯುವ ನೀರು ಮತ್ತು ಶೌಚಾಲಯ ಇವೆಯೇ, ವೃದ್ಧರು ಮೆಟ್ಟಿಲು ಹತ್ತಬೇಕೇ ಎಂಬುದು ಸ್ಪಷ್ಟವಿರಬೇಕು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಥಳ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಈ ಒಂದು ಸಾಲು ಇಲ್ಲದಿದ್ದರೆ ದೂರದಿಂದ ಬಂದ ಕುಟುಂಬ ಮುಚ್ಚಿದ ಬಾಗಿಲು ನೋಡಿ ಮರಳಬೇಕಾಗುತ್ತದೆ.

ಋತುವಿನ ವಿವರವೂ ಅಷ್ಟೇ ಮುಖ್ಯ. 253 ಮೀಟರ್ ಎತ್ತರದಿಂದ ಧುಮುಕುವ ಜೋಗ ಜಲಪಾತದ ಮಳೆಗಾಲದ ವೈಭವ ಬೇಸಿಗೆಯಲ್ಲಿ ಇರುವುದಿಲ್ಲ. ಮೇಲ್ಭಾಗದ ಲಿಂಗನಮಕ್ಕಿ ಜಲಾಶಯದಲ್ಲಿ ಶರಾವತಿಯ ನೀರು ಸಂಗ್ರಹವಾಗುತ್ತದೆ. ಆಗಸ್ಟ್ ತಿಂಗಳ ಚಿತ್ರವಿರುವ ಕರಪತ್ರವನ್ನು ಏಪ್ರಿಲ್‌ನಲ್ಲಿ ಕೈಗಿಟ್ಟು, ಸೂಕ್ತ ಕಾಲ ಯಾವುದೆಂದು ತಿಳಿಸದಿದ್ದರೆ ಪ್ರವಾಸಿ ಮೋಸ ಹೋದೆನೆಂದು ಭಾವಿಸುವುದು ಸಹಜ. ಅಂಥ ಅತೃಪ್ತಿಯ ಮಾತು ಯಾವ ಪ್ರಚಾರಕ್ಕಿಂತಲೂ ವೇಗವಾಗಿ ಹಬ್ಬುತ್ತದೆ.

ಎಲ್ಲಿಡಬೇಕು?

ತಾಣದ ಬಾಗಿಲಲ್ಲೇ ಅದರ ಕರಪತ್ರ ಹಂಚಿದರೆ ಅದು ಮಾರ್ಗದರ್ಶಿಯಾಗುತ್ತದೆಯೇ ಹೊರತು ಹೊಸ ಪ್ರವಾಸಿಯನ್ನು ಕರೆತರುವುದಿಲ್ಲ. ಲಕ್ಕುಂಡಿಯ ಕರಪತ್ರ ಇರಬೇಕಾದದ್ದು ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ, ಹೊಸಪೇಟೆಯ ಹೋಟೆಲುಗಳಲ್ಲಿ, ಬಾದಾಮಿಯ ವಸತಿಗೃಹಗಳಲ್ಲಿ. 2017ರಿಂದ 50 ರೂಪಾಯಿ ನೋಟಿನಲ್ಲಿರುವ ಹಂಪಿಯ ಕಲ್ಲಿನ ರಥಕ್ಕೆ ಹೆಚ್ಚಿನ ಪರಿಚಯ ಬೇಕಿಲ್ಲ. ಆದರೆ ಅದೇ ಸುತ್ತಿನಲ್ಲಿರುವ, ಕ್ರಿ.ಶ. 1112ರ ಇಟಗಿಯ ಮಹಾದೇವ ದೇವಾಲಯಕ್ಕೆ ಮತ್ತು ನಕ್ಷತ್ರಾಕಾರದ ತಳವಿನ್ಯಾಸವುಳ್ಳ ಡಂಬಳದ ದೊಡ್ಡಬಸಪ್ಪ ದೇವಾಲಯಕ್ಕೆ ಬೇಕು. ದೊಡ್ಡ ತಾಣದ ನೆರಳಿನಲ್ಲಿ ಸಣ್ಣ ತಾಣಗಳನ್ನು ಒಂದೇ ನಕ್ಷೆಯಲ್ಲಿ ಜೋಡಿಸಿದರೆ ಪ್ರವಾಸಿ ಒಂದು ದಿನ ಹೆಚ್ಚು ಉಳಿಯಲು ಕಾರಣ ಸಿಗುತ್ತದೆ. ಅವರು ಒಂದು ಗಂಟೆ ಹೆಚ್ಚು ನಿಂತರೆ ಊರಿನ ಖಾನಾವಳಿ, ಚಹಾದಂಗಡಿ, ಆಟೋ ಚಾಲಕರು ಮತ್ತು ಸ್ಥಳೀಯ ಮಾರ್ಗದರ್ಶಿಗಳಿಗೆ ನಾಲ್ಕು ಕಾಸು ದೊರೆಯುತ್ತದೆ.

ಸ್ಟ್ಯಾಂಡ್ ಇಟ್ಟು ಮರೆತರೆ ಪ್ರಯೋಜನವಿಲ್ಲ. ಖಾಲಿಯಾದ ಖಾನೆ ತುಂಬಲು, ಹರಿದ ಪ್ರತಿ ತೆಗೆಯಲು, ಹಳೆಯದನ್ನು ಬದಲಿಸಲು ಒಬ್ಬರು ನಿಗದಿತವಾಗಿ ಭೇಟಿ ನೀಡಬೇಕು. ಹೋಟೆಲಿನ ಸ್ವಾಗತಕಾರರಿಗೆ ಆ ತಾಣವನ್ನು ಒಮ್ಮೆ ತೋರಿಸಿಕೊಂಡು ಬಂದರೆ ಅವರ ಒಂದು ಮಾತು ಹತ್ತು ಚಿತ್ರಗಳ ಕೆಲಸ ಮಾಡುತ್ತದೆ.

ಹಳತಾಗುವ ಮಾಹಿತಿ

ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟ್ ತಯಾರಿಕೆಯ ಖರ್ಚು ಪ್ರತಿಗಳ ಸಂಖ್ಯೆ ಎಷ್ಟಿದ್ದರೂ ಒಂದೇ. ಹೀಗಾಗಿ ಹೆಚ್ಚು ಮುದ್ರಿಸಿದಷ್ಟೂ ಪ್ರತಿಯೊಂದರ ದರ ಇಳಿಯುತ್ತದೆ. ಇದೇ ಆಸೆಯಿಂದ ಅಗತ್ಯಕ್ಕಿಂತ ಹೆಚ್ಚು ಮುದ್ರಿಸಿ ಗೋದಾಮಿನಲ್ಲಿ ಕಟ್ಟಿಡುವುದುಂಟು. ಅಷ್ಟರಲ್ಲಿ ಲೋಕ ಬದಲಾಗಿರುತ್ತದೆ. ರಾಜ್ಯದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ 2014ರ ನವೆಂಬರ್ 1ರಂದು ಬದಲಾಯಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಮುದ್ರಣದ ತಿಂಗಳು ಮತ್ತು ವರ್ಷವನ್ನು ಮೂಲೆಯಲ್ಲಿ ನಮೂದಿಸುವ ಸಣ್ಣ ಕ್ರಮ ಇಂಥ ಗೊಂದಲವನ್ನು ತಪ್ಪಿಸುತ್ತದೆ.

ಮೊಬೈಲ್ ಯುಗದಲ್ಲಿ

ಕೇಂದ್ರ ಸರ್ಕಾರ ವಿದೇಶಗಳಲ್ಲಿದ್ದ ತನ್ನ ಪ್ರವಾಸಿ ಕಚೇರಿಗಳನ್ನು 2023ರಲ್ಲಿ ಮುಚ್ಚುವ ನಿರ್ಧಾರ ಕೈಗೊಂಡಿತು. ಸ್ಕಾಟ್ಲೆಂಡಿನ ಪ್ರವಾಸೋದ್ಯಮ ಸಂಸ್ಥೆಯೂ ತನ್ನ ಎಲ್ಲ ಮಾಹಿತಿ ಕೇಂದ್ರಗಳನ್ನು ಹಂತಹಂತವಾಗಿ ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಿತು. ಜನರು ಪ್ರವಾಸದ ಮಾಹಿತಿಯನ್ನು ಅಂತರ್ಜಾಲದಲ್ಲೇ ಹುಡುಕುತ್ತಾರೆ ಎಂಬುದು ಇದರ ಹಿಂದಿನ ವಾದ. ಕಾಗದದ ಉಳಿತಾಯ, ತಾಣಗಳಲ್ಲಿ ಬೀಳುವ ಕಸದ ಇಳಿಕೆ ಈ ವಾದಕ್ಕೆ ಬಲ ನೀಡುತ್ತವೆ.

ಆದರೆ ಹುಡುಕಲು ಮೊದಲು ಹೆಸರು ಗೊತ್ತಿರಬೇಕು. ಹಂಪಿಯೆಂದು ಹುಡುಕಿದವರಿಗೆ ಹಂಪಿಯೇ ದೊರೆಯುತ್ತದೆ. ಕೇಳರಿಯದ ಊರೊಂದು ಆಕಸ್ಮಿಕವಾಗಿ ಕಣ್ಣಿಗೆ ಬೀಳುವುದು ಹೋಟೆಲಿನ ಸ್ಟ್ಯಾಂಡಿನಂಥ ಜಾಗದಲ್ಲಿ. ಆದ್ದರಿಂದ ಕಾಗದ ಮತ್ತು ಮೊಬೈಲನ್ನು ಜೋಡಿಸುವ ಕ್ರಮ ಉಪಯುಕ್ತ. ಜಪಾನಿನಲ್ಲಿ 1994ರಲ್ಲಿ ರೂಪುಗೊಂಡ ಕ್ಯೂಆರ್ ಕೋಡ್ ಅನ್ನು ಕರಪತ್ರದಲ್ಲಿ ಮುದ್ರಿಸಿದರೆ ಬದಲಾಗುವ ವೇಳೆ ಮತ್ತು ದರಗಳನ್ನು ಅಂತರ್ಜಾಲದಲ್ಲಿ ತಿದ್ದಬಹುದು. ಬದಲಾಗದ ಇತಿಹಾಸ ಹಾಗೂ ನಕ್ಷೆ ಕಾಗದದಲ್ಲಿ ಉಳಿಯುತ್ತವೆ. ಪ್ರತಿ ಸ್ಟ್ಯಾಂಡಿಗೂ ಬೇರೆ ಬೇರೆ ಕೋಡ್ ನೀಡಿದರೆ ಯಾವ ಜಾಗದಿಂದ ಎಷ್ಟು ಜನ ಆಸಕ್ತಿ ತೋರಿದರೆಂಬ ಲೆಕ್ಕವೂ ಸಿಗುತ್ತದೆ.

ಭಾಷೆಯ ವಿಷಯವನ್ನೂ ಮರೆಯುವಂತಿಲ್ಲ. ಶಾಲಾ ಪ್ರವಾಸದ ಮಕ್ಕಳಿಗೆ, ಹಳ್ಳಿಗಳಿಂದ ಬರುವ ಕುಟುಂಬಗಳಿಗೆ ಇಂಗ್ಲಿಷ್ ಕರಪತ್ರದಿಂದ ಉಪಯೋಗ ಕಡಿಮೆ. ಅತ್ತಿಮಬ್ಬೆಯ ಊರಿನ ಪರಿಚಯ ಅತ್ತಿಮಬ್ಬೆಯ ಭಾಷೆಯಲ್ಲಿ, ತಪ್ಪಿಲ್ಲದ ಸರಳ ಕನ್ನಡದಲ್ಲಿ ದೊರೆತರೆ ಗದಗ ದಾಟಿದ ವಾಹನಗಳಲ್ಲಿ ಕೆಲವಾದರೂ ಲಕ್ಕುಂಡಿಯಲ್ಲಿ ನಿಂತಾವು.