ಡಿಲೀಟ್ ಆದ ಫೋಟೋ ಎಲ್ಲಿಗೆ ಹೋಗುತ್ತೆ?

ತೀರಿಹೋದ ಅಜ್ಜಿಯ ಕೊನೇ ಫೋಟೋ, ಕೈತಪ್ಪಿ ಡಿಲೀಟ್ ಆಯ್ತು ಅಂದ್ಕೊಳ್ಳಿ. ವಾಪಸ್ ಸಿಗುತ್ತಾ? ಉತ್ತರಕ್ಕೆ ನಲವತ್ತು ವರ್ಷ ಹಿಂದೆ ಹೋಗಬೇಕು.

1982ರಲ್ಲಿ ಅಮೆರಿಕದ ಪ್ರೋಗ್ರಾಮರ್ ಪೀಟರ್ ನಾರ್ಟನ್ 'ನಾರ್ಟನ್ ಯುಟಿಲಿಟೀಸ್' ಹೊರತಂದರು. ಅದರಲ್ಲಿದ್ದ 'ಅನ್‌ಇರೇಸ್' ಅಳಿಸಿದ ಫೈಲನ್ನು ವಾಪಸ್ ತರುತ್ತಿತ್ತು. ಮಾಯಮಂತ್ರ ಏನಿಲ್ಲ. ಡಾಸ್ ಕಂಪ್ಯೂಟರ್ ಫೈಲನ್ನು ನಿಜವಾಗಿ ಅಳಿಸುತ್ತಲೇ ಇರಲಿಲ್ಲ. ಹೆಸರಿನ ಮೊದಲ ಅಕ್ಷರ ಬದಲಿಸಿ, ಆ ಜಾಗ ಖಾಲಿ ಅಂತ ಗುರುತು ಹಾಕುತ್ತಿತ್ತು. ನಮ್ಮ ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಲೆಡ್ಜರ್‌ನಲ್ಲಿ ಎಂಟ್ರಿ ಹೊಡೆದುಹಾಕಿದ್ರು, ಗೋಡೌನ್‌ನಲ್ಲಿ ಮಾಲು ಹಾಗೇ ಇತ್ತು. ಹೊಸ ಮಾಲು ಬಂದು ಅದರ ಮೇಲೆ ಕೂತರೆ ಮಾತ್ರ ಕಥೆ ಮುಗೀತು.

ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳದ್ದೂ ಇದೇ ಪದ್ಧತಿ. 2002ರಲ್ಲಿ ಕ್ರಿಸ್ಟೋಫ್ ಗ್ರೆನಿಯೆ ತಂದ 'ಫೋಟೋರೆಕ್' ಲೆಡ್ಜರ್ ನೋಡೋದೇ ಇಲ್ಲ. ನೇರ ಗೋಡೌನ್‌ಗೆ ನುಗ್ಗಿ ಫೋಟೋದ ಗುರುತು ಹುಡುಕುತ್ತೆ.

ಸ್ಮಾರ್ಟ್‌ಫೋನ್‌ನಲ್ಲಿ ಲೆಕ್ಕ ಬದಲಾಯ್ತು. ಈಗಿನ ಫೋನ್‌ಗಳು ಫೋಟೋವನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತವೆ. ಪೂರ್ತಿ ಡಿಲೀಟ್ ಆದ್ರೆ ಗೋಡೌನ್‌ನ ಬೀಗದ ಕೈಯೇ ಕಳೆದ ಹಾಗೆ. ಆದ್ರೆ ಅದಕ್ಕೆ ಮುಂಚೆ ಒಂದು ಗಡುವು ಇದೆ. 2014ರ ಐಒಎಸ್ 8ರಲ್ಲಿ 'ರೀಸೆಂಟ್ಲಿ ಡಿಲೀಟೆಡ್' ಆಲ್ಬಮ್ ಬಂತು: 30 ದಿನ. ಗೂಗಲ್ ಫೋಟೋಸ್‌ನ ಬಿನ್‌ನಲ್ಲಿ ಬ್ಯಾಕಪ್ ಆಗಿದ್ರೆ 60 ದಿನ, ಇಲ್ಲದಿದ್ರೆ 30.

ಹಾಗಾಗಿ ದುಡ್ಡು ಕೇಳೋ ರಿಕವರಿ ಆಪ್‌ಗಳ ಹಿಂದೆ ಓಡಬೇಡಿ. ಮೊದಲು ಬಿನ್, ಆಮೇಲೆ ಬ್ಯಾಕಪ್, ಆಮೇಲೆ ಆ ಫೋಟೋ ಕಳಿಸಿದ್ದ ಫ್ಯಾಮಿಲಿ ಗ್ರೂಪ್ ನೋಡಿ. ಅಜ್ಜಿ ಅಲ್ಲೇ ನಗ್ತಾ ಇರಬಹುದು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.